ಮುಳ್ಳು ಹೇಳಿದ್ದು ಒಂದು, ಎಂಜಿನ್ ಹೇಳಿದ್ದು ಇನ್ನೊಂದು: ಒಂದು ಹಳೆ ಮಾರುತಿ 800ರ ಪ್ರಕರಣ

ಕಾರು 1997ರ ಮಾಡೆಲ್ ಮಾರುತಿ 800. ಕಾರ್ಬ್ಯುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್, ಎಸಿ ಇಲ್ಲ. ಮಾಲೀಕರು ಪಾಂಡವಪುರದ ಕಡೆಯ ಹಳ್ಳಿಯವರು, ರಿಟೈರ್ ಆದ ವಿಜ್ಞಾನದ ಮೇಷ್ಟ್ರು. ಶೋರೂಮಿನಿಂದ ಬಂದಾಗಿನಿಂದ ಅವರೊಬ್ಬರ ಕೈಯಲ್ಲೇ ಇದ್ದ ಗಾಡಿ. ಎಂಜಿನ್ ಹೊಗೆ ಬಿಡುವುದಿಲ್ಲ, ಗೇರ್ ಸಲೀಸಾಗಿ ಬೀಳುತ್ತದೆ, ಬಾಡಿಗೂ ಅಂಥ ತುಕ್ಕು ಹಿಡಿದಿಲ್ಲ. ಇಂಥ ಗಾಡಿ ಮಂಡ್ಯದ ನಮ್ಮ ಗ್ಯಾರೇಜಿಗೆ ಬಂದದ್ದು, ಹೀಟ್ ಆಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಸಿಲಿಂಡರ್ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಲೇಬೇಕು ಅಂತ ಬೇರೆ ಕಡೆ ಹೇಳಿಸಿಕೊಂಡ ಮೇಲೆ. ಹಳೆ ಗಾಡಿಗೆ ಅಷ್ಟು ದುಡ್ಡು ಹಾಕುವುದಾ, ಇಲ್ಲ ಗುಜರಿಗೆ ಕೊಡುವುದಾ ಅಂತ ಮೇಷ್ಟ್ರು ಲೆಕ್ಕ ಹಾಕುತ್ತಿದ್ದರು.

ಇದನ್ನು ಉದ್ದಕ್ಕೆ ಬರೆಯುವುದಕ್ಕೆ ಕಾರಣ ಇದೆ. ಹಳೆ ಗಾಡಿ ಹೀಟ್ ಆಗುತ್ತಿದೆ ಅಂದರೆ ಎಂಜಿನ್ ನಿಜವಾಗಿ ಕಾಯುತ್ತಿರಬಹುದು, ಇಲ್ಲವೇ ಎಂಜಿನ್ನಿನ ಬಿಸಿ ತೋರಿಸುವ ಡ್ಯಾಶ್‌ಬೋರ್ಡಿನ ಮೀಟರ್ ಸುಳ್ಳು ಹೇಳುತ್ತಿರಬಹುದು. ಆ ಮೀಟರಿನ ಮುಳ್ಳು ಸಿ ಕಡೆ ಇದ್ದರೆ ತಣ್ಣಗೆ, ಎಚ್ ಕಡೆ ಹೋದರೆ ಬಿಸಿ. ಎರಡೂ ಒಂದೇ ಗಾಡಿಯಲ್ಲಿ ಸೇರಿಕೊಂಡರೆ ಒಂದು ಇನ್ನೊಂದನ್ನು ಮುಚ್ಚಿಡುತ್ತದೆ. ಆಗ ಅಂದಾಜಿನ ಮೇಲೆ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ದೂರು

ಮೇಷ್ಟ್ರು ಹೇಳಿದ್ದು ಹೀಗೆ: "ಒಂದೊಂದ್ಸಲ ಮುಳ್ಳು ಇದ್ದಕ್ಕಿದ್ದಂಗೆ ಎಚ್‌ಗೆ ಹೋಗಿ ನಿಂತ್ಕೊಳ್ತದೆ ಕಣಪ್ಪ. ನಿಲ್ಸಿ ಬಾನೆಟ್ ಎತ್ತಿ ನೋಡಿದ್ರೆ ಏನೂ ಆಗಿರಲ್ಲ. ಸ್ವಲ್ಪ ದೂರ ಹೋದ್ರೆ ತಾನೇ ಇಳೀತದೆ. ಆದ್ರೆ ಮೈಸೂರಲ್ಲಿ ಸಯ್ಯಾಜಿರಾವ್ ರೋಡಲ್ಲಿ ಟ್ರಾಫಿಕ್ಕಿಗೆ ಸಿಕ್ಕಾಕೊಂಡಾಗ ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. ಅವತ್ತೇ ಮುಂದ್ಗಡೆಯಿಂದ ಹಬೆ ಎದ್ದಿದ್ದು."

ಈ ಎರಡು ಮಾತಿನಲ್ಲೇ ಅರ್ಧ ಕೆಲಸ ಮುಗಿದಿತ್ತು ಅಂತ ನನಗೆ ಅನಿಸುತ್ತದೆ. ಗ್ರಾಹಕರು ತೊಂದರೆ ಹೇಳುವಾಗ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಳ್ಳಬಾರದು. ಮುಳ್ಳು ಮೇಲೆ ಹೋಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಇಳಿಯುವುದಕ್ಕೆ ಎಷ್ಟು ಹೊತ್ತು, ಗಾಡಿ ಓಡುತ್ತಿತ್ತಾ ನಿಂತಿತ್ತಾ, ರಸ್ತೆ ಹೇಗಿತ್ತು ಅಂತ ಕೇಳಿದೆ. ಹತ್ತು ಎಣಿಸುವಷ್ಟರಲ್ಲಿ ಮುಳ್ಳು ಎಚ್ ಮುಟ್ಟುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಊರ ಹತ್ತಿರದ ಗುಂಡಿ ರಸ್ತೆಯಲ್ಲಿ ಜಾಸ್ತಿ. ಮಂಡ್ಯ–ಮೈಸೂರು ಹೈವೇಯಲ್ಲಿ ಅಪರೂಪ.

ಎಂಜಿನ್ ಒಳಗೆ ಲೀಟರ್‌ಗಟ್ಟಲೆ ನೀರು, ಅದರ ಸುತ್ತ ಅಷ್ಟೊಂದು ಲೋಹ. ಅದೆಲ್ಲ ಹತ್ತು ಎಣಿಸುವಷ್ಟರಲ್ಲಿ ಕಾಯುವುದೂ ಇಲ್ಲ, ಅಷ್ಟರಲ್ಲಿ ಆರುವುದೂ ಇಲ್ಲ. ಮುಳ್ಳು ಹಾಗೆ ಹೋಗಿ ಬರುತ್ತಿದೆ ಅಂದರೆ ಅದು ವೈರಿನ ಕೆಲಸ. ಗುಂಡಿ ರಸ್ತೆಯಲ್ಲಿ ಜಾಸ್ತಿ ಅನ್ನುವುದೂ ಅದನ್ನೇ ಹೇಳುತ್ತದೆ. ಆದರೆ ಮೈಸೂರಿನಲ್ಲಿ ಎದ್ದ ಹಬೆ ಸುಳ್ಳಲ್ಲ, ಅಲ್ವಾ? ಹಾಗಾಗಿ ಶುರುವಿನಲ್ಲೇ ಇದನ್ನು ಎರಡು ಬೇರೆ ಬೇರೆ ತೊಂದರೆ ಅಂತ ಇಟ್ಟುಕೊಂಡೆವು.

ಅಷ್ಟರೊಳಗೆ ಬೇರೆಯವರು ಮಾಡಿದ್ದ ರಿಪೇರಿಗಳನ್ನೂ ಕೇಳಿಕೊಂಡೆ. ಟೆಂಪರೇಚರ್ ಸೆಂಡರ್, ಅಂದರೆ ನೀರಿನ ಬಿಸಿಯನ್ನು ಮೀಟರಿಗೆ ತಿಳಿಸುವ ಭಾಗ, ಹೊಸದು ಹಾಕಿದ್ದರು. ಮೊದಲು ಮುಳ್ಳು ಅರ್ಧದ ಹತ್ತಿರ ನಿಲ್ಲುತ್ತಿತ್ತಂತೆ. ಸೆಂಡರ್ ಬದಲಿಸಿದ ಮೇಲೆ ಕೆಳಗೇ ಇರುತ್ತದೆ, "ಈಗ ಎಂಜಿನ್ ತಣ್ಣಗಿದೆ" ಅಂತ ಮೇಷ್ಟ್ರು ನೆಮ್ಮದಿಯಿಂದ ಇದ್ದರು. ಇನ್ನೇನು ಮಾಡಿದ್ದರು ಅನ್ನುವುದು ಅವರಿಗೆ ನೆನಪಿರಲಿಲ್ಲ.

ಬೆಳಗಿನ ತಣ್ಣನೆಯ ಎಂಜಿನ್

ಗಾಡಿಯನ್ನು ರಾತ್ರಿ ನಮ್ಮಲ್ಲೇ ಬಿಡಿಸಿಕೊಂಡೆ. ಹೀಟಿಂಗ್ ತೊಂದರೆ ಹುಡುಕುವುದಕ್ಕೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚಿನ ಹೊತ್ತು ಬಹಳ ಒಳ್ಳೆಯದು. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪ್ ತೆಗೆಯುವ ಹಾಗೇ ಇಲ್ಲ. ಬಟ್ಟೆ ಸುತ್ತಿ ತೆಗೆದರೂ ಕುದಿಯುವ ನೀರು ಮುಖಕ್ಕೇ ಎಗರುತ್ತದೆ. ಆ ಸುಟ್ಟ ಗಾಯ ನೋಡಿದವರು ಯಾರೂ ಮತ್ತೆ ಆ ಧೈರ್ಯ ಮಾಡುವುದಿಲ್ಲ.

ಬಾನೆಟ್ ಎತ್ತಿದಾಗ ಮೊದಲು ಕಂಡದ್ದು ಮೇಲಿನ ಹೋಸ್. ದಪ್ಪ ರಬ್ಬರ್ ಹೋಸ್ ನಡುವೆ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿತ್ತು. ಪಕ್ಕದ ಪ್ಲಾಸ್ಟಿಕ್ ರಿಸರ್ವ್ ಟ್ಯಾಂಕ್‌ನಲ್ಲಿ ನೀರು ಬಾಯಿ ತನಕ. ನಾನು ರೇಡಿಯೇಟರ್ ಕ್ಯಾಪ್ ತಿರುಗಿಸಿದೆ. ಉಸ್ ಅಂತ ಗಾಳಿ ಒಳಕ್ಕೆ ಹೋಯಿತು. ಚಪ್ಪಟೆಯಾಗಿದ್ದ ಹೋಸ್ ಕಣ್ಣೆದುರಿಗೇ ಮತ್ತೆ ದುಂಡಗಾಯಿತು. ಒಳಗೆ ಟಾರ್ಚ್ ಹಾಕಿ ನೋಡಿದರೆ ನೀರೇ ಕಾಣಲಿಲ್ಲ. ತುಂಬಿಸಿದರೆ ಒಂದು ಲೀಟರಿಗೂ ಜಾಸ್ತಿ ಹಿಡಿಯಿತು.

ಮೇಷ್ಟ್ರು ಅಷ್ಟೊತ್ತಿಗೆ ಬಂದಿದ್ದರು. "ಟ್ಯಾಂಕಲ್ಲಿ ತುಂಬ ನೀರೈತಲ್ಲಪ್ಪ, ದಿನಾ ನೋಡ್ತೀನಿ" ಅಂದರು. ನೋಡುತ್ತಿದ್ದದ್ದು ನಿಜ. ಆದರೆ ಆ ಟ್ಯಾಂಕು ರೇಡಿಯೇಟರಿನಲ್ಲಿ ಎಷ್ಟಿದೆ ಅಂತ ಹೇಳುವುದು ಕ್ಯಾಪ್ ಸರಿ ಇದ್ದಾಗ ಮಾತ್ರ.

ಕ್ಯಾಪ್‌ಗೆ ಎರಡು ಕೆಲಸ. ಮೊದಲನೆಯದು ಕುಕ್ಕರ್ ವೆಯ್ಟಿನ ಹಾಗೆ ಒಳಗೆ ಒತ್ತಡ ಹಿಡಿಯುವುದು. ಈ ಗಾಡಿಯ ಕ್ಯಾಪ್ ಮೇಲೆ 0.9 ಅಂತ ಒತ್ತಿದ್ದರು, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 0.9 ಬಾರ್ ಜಾಸ್ತಿ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ನಮ್ಮ ಕಡೆ 115 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಎಂಜಿನ್ ಬಿಸಿಯಾದಾಗ ಹಿಗ್ಗಿದ ನೀರು ಕ್ಯಾಪಿನ ಸ್ಪ್ರಿಂಗ್ ತಳ್ಳಿಕೊಂಡು ಸಣ್ಣ ಪೈಪಿನಲ್ಲಿ ಟ್ಯಾಂಕಿಗೆ ಹೋಗುತ್ತದೆ. ಎರಡನೆಯ ಕೆಲಸ, ಎಂಜಿನ್ ಆರಿದಾಗ ಆ ನೀರನ್ನು ವಾಪಸ್ ಒಳಗೆ ಬಿಡುವುದು. ಕ್ಯಾಪಿನ ತಳದ ನಡುವೆ ಒಂದು ಪುಟ್ಟ ಬಿಲ್ಲೆ ವಾಲ್ವ್ ಇರುತ್ತದೆ, ಅದು ಇದಕ್ಕೇ. ಮೇಷ್ಟ್ರ ಕ್ಯಾಪ್ ತಿರುಗಿಸಿ ನೋಡಿದರೆ ಬಿಲ್ಲೆಯ ಸುತ್ತ ಬಿಳಿ ಸುಣ್ಣದಂಥದ್ದು ಗಟ್ಟಿಯಾಗಿ ಕೂತಿತ್ತು. ಉಗುರಿನಲ್ಲಿ ಎಳೆದರೆ ಕದಲಲಿಲ್ಲ. ನೀರು ಹೊರಗೆ ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಪ್ರತಿ ಸಲ ಓಡಿಸಿದಾಗಲೂ ರೇಡಿಯೇಟರಿನಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ, ಟ್ಯಾಂಕಿನಲ್ಲಿ ಅಷ್ಟೇ ಜಾಸ್ತಿ. ಟ್ಯಾಂಕ್ ತುಂಬಿದ ಮೇಲೆ ಉಳಿದದ್ದು ರಸ್ತೆಗೆ.

ಸುಣ್ಣ ಎಲ್ಲಿಂದ ಬಂತು ಅಂತ ಕೇಳಬೇಕಾಗಿರಲಿಲ್ಲ. ಮೇಷ್ಟ್ರು ತೋಟದ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರು. ನಮ್ಮ ಕಡೆ ಬಹಳಷ್ಟು ಜನ ಹೀಗೇ ಮಾಡುತ್ತಾರೆ. ಬೋರಿನ ಗಡಸು ನೀರು ಕಾದು ಕಾದು ಟ್ಯೂಬಿನ ಒಳಗೆ ಪದರ ಕಟ್ಟುತ್ತದೆ, ಆ ಪದರ ಬಿಸಿಯನ್ನು ದಾಟಗೊಡುವುದಿಲ್ಲ. ಪಾತ್ರೆ ಕಾಯಿಸುವ ಯಾರಿಗಾದರೂ ಈ ಬಿಳಿ ಪದರ ಗೊತ್ತು.

ಕ್ಯಾಪ್ ತೆಗೆದಿಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರಿ, ರೇಡಿಯೇಟರಿನ ಬಾಯಲ್ಲಿ ನಿಲ್ಲದ ಹಾಗೆ ಗುಳ್ಳೆ ಬರಬೇಕು. ಮೊದಲು ನಾಲ್ಕಾರು ಗುಳ್ಳೆ ಬಂದು ನಿಂತವು. ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಅಷ್ಟೇ. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಸ್ಟಾರ್ಟ್ ಆದ ತಕ್ಷಣ ಹೋಸ್ ಬಿಗಿಯಾಗುತ್ತಿಲ್ಲ. ಹೆಡ್ ಮುಟ್ಟುವ ಅಗತ್ಯ ಇಲ್ಲ ಅಂತ ಮೇಷ್ಟ್ರಿಗೆ ಆಗಲೇ ಹೇಳಿದೆ. ಅವರ ಮುಖ ಸಡಿಲವಾಯಿತು.

ಇನ್ನೊಂದು ವಿಷಯವೂ ಅಲ್ಲೇ ಕಾಣಿಸಿತು. ಎಂಜಿನ್ ಇನ್ನೂ ತಣ್ಣಗಿದೆ, ಆಗಲೇ ರೇಡಿಯೇಟರಿನ ಬಾಯಲ್ಲಿ ನೀರು ರಭಸವಾಗಿ ಓಡುತ್ತಿದೆ. ಥರ್ಮೋಸ್ಟಾಟ್ ಅಂದರೆ ಬಿಸಿಯಾದ ಮೇಲಷ್ಟೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಅದು ಇದ್ದರೆ ಎಂಜಿನ್ ಕಾಯುವ ತನಕ ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರಬೇಕು. ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ಯಾರೋ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರು.

"ನಮ್ಮ ಸೆಖೆಗೆ ಥರ್ಮೋಸ್ಟಾಟ್ ಯಾಕೆ" ಅನ್ನುವ ಮಾತು ಮಂಡ್ಯ, ಮೈಸೂರು ಎಲ್ಲ ಕಡೆ ಕೇಳುತ್ತದೆ. ನನಗೆ ಇದು ಒಪ್ಪಿಗೆ ಇಲ್ಲ. ಎಂಜಿನ್ ಬೇಗ ಬಿಸಿಯಾಗಿ, ಆ ಬಿಸಿಯಲ್ಲೇ ಸ್ಥಿರವಾಗಿ ನಿಲ್ಲಬೇಕು. ತಣ್ಣಗೆ ಓಡುವ ಕಾರ್ಬ್ಯುರೇಟರ್ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ, ಆಯಿಲ್ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೀಟಿಂಗ್ ತೊಂದರೆಗೆ ಅದು ಪರಿಹಾರವೇ ಅಲ್ಲ. ಹೈವೇಯಲ್ಲಿ ಗಾಳಿ ಬಡಿದು ಎಂಜಿನ್ ಅತಿ ತಣ್ಣಗೆ ಓಡುತ್ತದೆ, ಟ್ರಾಫಿಕ್ಕಿನಲ್ಲಿ ನಿಂತಾಗ ಮೊದಲಿನ ಹಾಗೇ ಕುದಿಯುತ್ತದೆ. ಮೇಷ್ಟ್ರ ಗಾಡಿಯಲ್ಲಿ ಆದದ್ದು ಅದೇ. ಹೈವೇಯಲ್ಲಿ ಮುಳ್ಳು ತಳದಲ್ಲಿ ಇರುವುದು ಅವರಿಗೆ ರೂಢಿಯಾಗಿ, ಊರೊಳಗೆ ಅದು ಅರ್ಧದ ಕಡೆಗೆ ಏರಿದ್ದು ಅಪಾಯ ಅಂತ ಅನಿಸಲೇ ಇಲ್ಲ.

ಬಿಸಿಯನ್ನು ಬೇರೆ ಕಡೆಯಿಂದ ಅಳೆಯುವುದು

ಮೀಟರ್ ಮೇಲೆ ಅನುಮಾನ ಇದ್ದಾಗ ಮೀಟರನ್ನೇ ನೋಡಿಕೊಂಡು ಎಂಜಿನ್ ಪರೀಕ್ಷೆ ಮಾಡುವುದಕ್ಕೆ ಆಗುವುದಿಲ್ಲ. ನಿಜವಾದ ಬಿಸಿ ಎಷ್ಟು ಅಂತ ಬೇರೆ ದಾರಿಯಿಂದ ತಿಳಿಯಬೇಕು. ನಾವು ಬಳಸಿದ್ದು ಇನ್‌ಫ್ರಾರೆಡ್ ಗನ್. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಇದಕ್ಕೆ ಆಗುವುದಿಲ್ಲ, ಅದು ಮೈಬಿಸಿಯ ಆಸುಪಾಸಿಗಷ್ಟೇ ಮಾಡಿದ್ದು. ವರ್ಕ್‌ಶಾಪಿನ ಗನ್ ಬೇರೆ.

ಈ ಗನ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿದರೆ ಬಿಸಿ ಕಡಿಮೆ ತೋರಿಸುತ್ತದೆ, ಯಾಕೆಂದರೆ ಹೊಳೆಯುವ ಲೋಹ ತನ್ನ ಬಿಸಿಯನ್ನು ಕಿರಣವಾಗಿ ಹೊರಗೆ ಬಿಡುವುದು ಕಡಿಮೆ. ಪಕ್ಕದ ಕಪ್ಪು ರಬ್ಬರ್ ಹೋಸ್ 90ರ ಮೇಲೆ ತೋರಿಸುವಾಗ, ತಿಕ್ಕಿ ಹೊಳೆಯುತ್ತಿದ್ದ ಥರ್ಮೋಸ್ಟಾಟ್ ಹೌಸಿಂಗ್ 60ರ ಆಸುಪಾಸು ತೋರಿಸಿತು. ಅದೇ ಹೌಸಿಂಗ್ ಮೇಲೆ ಮಂಕು ಕಪ್ಪು ಪೇಂಟ್ ಒಂದು ಬೊಟ್ಟು ಹಚ್ಚಿ ಒಣಗಿಸಿ ಹಿಡಿದರೆ ಓದು ಸರಿಯಾಯಿತು. ಬರೀ ಲೋಹದ ಮೇಲೆ ಗನ್ ಹಿಡಿದು "ಎಂಜಿನ್ ತಣ್ಣಗಿದೆ" ಅಂದುಬಿಟ್ಟರೆ ದೊಡ್ಡ ಎಡವಟ್ಟು.

ಗನ್ ಸರಿ ಇದೆಯಾ ಅಂತ ಮೇಷ್ಟ್ರಿಗೆ ಸಮಾಧಾನ ಆಗಲಿಲ್ಲ. ಮಾರನೆಯ ದಿನ ಗಾಜಿನ ಲ್ಯಾಬ್ ಥರ್ಮಾಮೀಟರ್ ತಂದರು. ಗ್ಯಾರೇಜಿನ ಸ್ಟೌ ಮೇಲೆ ನೀರು ಕುದಿಸಿ ಅದರೊಳಗೆ ಇಟ್ಟರೆ 98 ಕೂಡ ಮುಟ್ಟಲಿಲ್ಲ. ನಮ್ಮ ಹುಡುಗ, "ಇದು ಹಾಳಾಗದೆ ಸಾರ್, ನೂರು ತೋರಿಸ್ಬೇಕಲ್ವಾ" ಅಂದ. "ನೂರು ಸಮುದ್ರದ ದಡದಲ್ಲಿ ಕಣೋ. ನಾವು ಎರಡು ಸಾವಿರ ಅಡಿಗಿಂತ ಮೇಲಿದ್ದೀವಿ. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿ ಕಳ್ಕೊಂಡು ಹೋಗು" ಅಂದರು ಮೇಷ್ಟ್ರು. ಹಾಗೆ ಲೆಕ್ಕ ಹಾಕಿದರೆ ಮಂಡ್ಯದಲ್ಲಿ ನೀರು ಕುದಿಯುವುದು 97–98ರ ನಡುವೆ. ಥರ್ಮಾಮೀಟರ್ ಸರಿಯಾಗಿಯೇ ಇತ್ತು. ಅದೇ ನೀರಿನ ಪಾತ್ರೆಯ ಮಸಿ ಹಿಡಿದ ಹೊರಮೈಗೆ ಗನ್ ಹಿಡಿದೆವು. ಎರಡೂ ಹತ್ತಿರ ಹತ್ತಿರ ಬಂದವು.

ಈಗ ನಿಜವಾದ ಪರೀಕ್ಷೆ. ರೇಡಿಯೇಟರ್ ತುಂಬಿಸಿ, ಒಳ್ಳೆಯ ಕ್ಯಾಪ್ ಹಾಕಿ, ಗಾಡಿಯನ್ನು ನಿಲ್ಲಿಸಿದಲ್ಲೇ ಓಡಿಸಿದೆವು. ಮೇಲಿನ ಹೋಸ್ ಮೇಲೆ ಗನ್. 85, 90, 95. ಫ್ಯಾನ್ ತಿರುಗಲಿಲ್ಲ. ನೂರು ದಾಟಿತು. ಹೋಸಿನ ಹೊರಮೈ ನೂರು ಅಂದರೆ ಒಳಗಿನ ನೀರು ಇನ್ನೂ ಬಿಸಿ. ಆಗಲೂ ಫ್ಯಾನ್ ಮೌನ. ಡ್ಯಾಶ್‌ಬೋರ್ಡಿನ ಮುಳ್ಳು ಅರ್ಧಕ್ಕಿಂತ ಕೆಳಗೇ. ಮೈಸೂರಿನಲ್ಲಿ ಏನಾಯಿತು ಅನ್ನುವುದು ಮೇಷ್ಟ್ರಿಗೆ ಅಲ್ಲೇ ಗೊತ್ತಾಯಿತು.

ನೀರು ಕಾದಾಗ ಫ್ಯಾನ್ ಆನ್ ಮಾಡುವ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಸ್ವಿಚ್ಚಿನ ಬದಲು ತುಂಡು ವೈರ್ ಜೋಡಿಸಿದೆ. ಫ್ಯಾನ್ ಜೋರಾಗಿ ತಿರುಗಿತು, ಹೋಸಿನ ಬಿಸಿ ಇಳಿಯುತ್ತಾ ಬಂತು. ಮೋಟರ್, ಫ್ಯೂಸ್, ವೈರಿಂಗ್ ಎಲ್ಲ ಸರಿ, ಸ್ವಿಚ್ ಸತ್ತಿದೆ. ಇಲ್ಲಿ ಒಂದು ಮಾತು. ಬಹಳ ಮಂದಿ ಫ್ಯಾನ್ ಸ್ವಿಚ್ಚನ್ನು ಕುದಿಯುವ ನೀರಿಗೆ ಹಾಕಿ ಪರೀಕ್ಷಿಸುತ್ತಾರೆ. ನಮ್ಮ ಊರಿನಲ್ಲಿ ಅದು ಮೋಸ ಮಾಡಬಹುದು. ನೀರು 98ರೊಳಗೇ ಕುದಿಯುವುದರಿಂದ, ಆ ಆಸುಪಾಸಿನಲ್ಲಿ ಆನ್ ಆಗುವ ಒಳ್ಳೆಯ ಸ್ವಿಚ್ ಕೂಡ ಕೆಟ್ಟಿದೆ ಅನಿಸುತ್ತದೆ. ಅದಕ್ಕೇ ಎಂಜಿನ್ ಮೇಲೆ ಇದ್ದಲ್ಲೇ ನೋಡುವುದು ನನಗೆ ಇಷ್ಟ.

ರೇಡಿಯೇಟರಿನ ಹೊರಮೈ ಕೂಡ ಹೇಳಬೇಕು. ಕಬ್ಬಿನ ಗಾಡಿಗಳ ಹಿಂದೆ ಓಡಾಡುವ ಕಾರು. ಗಾಳಿ ಹಾಯುವ ತೆಳು ತಗಡಿನ ಫಿನ್‌ಗಳ ನಡುವೆ ಭತ್ತದ ಹೊಟ್ಟು, ಹುಳ, ಧೂಳು ಸೇರಿ ಗಟ್ಟಿಯಾಗಿತ್ತು. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದೆವು. ವಾಟರ್ ಸರ್ವಿಸಿನ ಜೋರು ಜೆಟ್ ಹಿಡಿದರೆ ಫಿನ್ ಮಡಚಿಕೊಂಡು ಇರುವ ಗಾಳಿಯೂ ನಿಂತುಹೋಗುತ್ತದೆ. ಬೆಲ್ಟ್, ವಾಟರ್ ಪಂಪ್ ಸರಿ ಇದ್ದವು.

ಮುಳ್ಳಿನ ವಿಚಾರ

ನನಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ ಇದು.

ಈ ಮೀಟರ್ ಕೆಲಸ ಮಾಡುವ ರೀತಿ ಸರಳ. ಎಂಜಿನ್ ಮೇಲೆ ನೀರಿಗೆ ತಾಗುವ ಹಾಗೆ ಒಂದು ಸೆಂಡರ್, ಅದಕ್ಕೆ ಒಂದೇ ವೈರ್. ಸೆಂಡರ್ ತಣ್ಣಗಿದ್ದಾಗ ಕರೆಂಟಿಗೆ ತಡೆ ಜಾಸ್ತಿ, ಬಿಸಿಯಾದ ಹಾಗೆ ತಡೆ ಕಡಿಮೆ. ಮೀಟರಿನಿಂದ ಕರೆಂಟ್ ವೈರಿನಲ್ಲಿ ಬಂದು, ಸೆಂಡರ್ ದಾಟಿ, ಅದರ ಥ್ರೆಡ್ ಮೂಲಕ ಎಂಜಿನ್ನಿಗೆ ಅರ್ತ್ ಆಗುತ್ತದೆ. ಎಂಜಿನ್, ಬಾಡಿ ಎರಡೂ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುತ್ತವೆ. ಕರೆಂಟ್ ಜಾಸ್ತಿ ಹರಿದಷ್ಟೂ ಮುಳ್ಳು ಮೇಲೆ. ಹಾಗಾದರೆ ವೈರ್ ತುಂಡಾದರೆ ಮುಳ್ಳು ಸಿ ಹತ್ತಿರ ಬಿದ್ದಿರುತ್ತದೆ. ವೈರ್ ಎಲ್ಲಾದರೂ ಬಾಡಿಗೆ ತಾಗಿದರೆ ಮುಳ್ಳು ಎಚ್‌ಗೆ ಹೋಗುತ್ತದೆ. ಅರ್ತ್ ಸರಿಯಾಗಿ ಸಿಗದಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಷ್ಟು ತಲೆಯಲ್ಲಿದ್ದರೆ ಸಾಕು.

ಮೊದಲು ಪೆಟ್ರೋಲ್ ಮುಳ್ಳು ನೋಡಿದೆ. ಹಳೆ ಗಾಡಿಗಳಲ್ಲಿ ಎಷ್ಟೋ ಸಲ ಎರಡೂ ಮುಳ್ಳುಗಳಿಗೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಒಂದೇ ಇರುತ್ತದೆ. ಅದು ಕೆಟ್ಟರೆ ಎರಡೂ ಒಟ್ಟಿಗೆ ತಪ್ಪಬೇಕು. ಪೆಟ್ರೋಲ್ ಮುಳ್ಳು ಸರಿಯಾಗಿ ತೋರಿಸುತ್ತಿತ್ತು, ಟೆಂಪರೇಚರ್ ಮುಳ್ಳು ಎಗರಿದಾಗ ಇದು ಕದಲುವುದಿಲ್ಲ ಅಂತ ಮೇಷ್ಟ್ರೂ ಹೇಳಿದರು. ರೆಗ್ಯುಲೇಟರ್ ಪಟ್ಟಿಯಿಂದ ಹೋಯಿತು.

ಆಮೇಲೆ ಕೀ ಆನ್ ಮಾಡಿ ಸೆಂಡರಿನ ವೈರ್ ಕಿತ್ತೆ. ಮುಳ್ಳು ಸಿಗೆ ಬಿತ್ತು. ವೈರಿನ ತುದಿಯನ್ನು ಒಂದು ಸಣ್ಣ ಬಲ್ಬ್ ಮೂಲಕ ಎಂಜಿನ್ನಿಗೆ ತಾಗಿಸಿದೆ. ಮುಳ್ಳು ಮೆಲ್ಲಗೆ ಏರಿತು. ನೇರವಾಗಿ ತಾಗಿಸಿ ಹಿಡಿದುಕೊಂಡರೆ ಮೀಟರಿನ ಒಳಗಿನ ಸುರುಳಿ ಸುಟ್ಟುಹೋಗಬಹುದು, ಅದಕ್ಕೇ ಬಲ್ಬ್. ಮೀಟರ್ ಸರಿ ಇದೆ ಅಂತಾಯಿತು. ಡ್ಯಾಶ್‌ಬೋರ್ಡ್ ಬಿಚ್ಚಿ ಮೀಟರ್ ಬದಲಿಸುವ ಕೆಲಸ ತಪ್ಪಿತು.

ಈಗ ವೈರ್ ಕಿತ್ತ ಸ್ಥಿತಿಯಲ್ಲೇ ಬಿಟ್ಟು, ಹುಡುಗನನ್ನು ಒಳಗೆ ಕೂರಿಸಿ ಮುಳ್ಳು ನೋಡುತ್ತಿರು ಅಂದೆ. ಸೆಂಡರಿಗೆ ಸಂಪರ್ಕವೇ ಇಲ್ಲ, ಮುಳ್ಳು ಏನು ಮಾಡಿದರೂ ಏಳಬಾರದು. ನಾನು ವೈರಿನ ಕಟ್ಟನ್ನು ಸೆಂಡರ್ ಕಡೆಯಿಂದ ಒಂದೊಂದೇ ಗೇಣು ಅಲ್ಲಾಡಿಸುತ್ತಾ ಬಂದೆ. ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ಹತ್ತಿರ ಬಂದಾಗ ಒಳಗಿನಿಂದ, "ಎದ್ದೋಯ್ತದೆ ಅಣ್ಣ, ಎದ್ದೋಯ್ತದೆ!"

ಅಲ್ಲಿ ಟಾರ್ಚ್ ಹಾಕಿ ನೋಡಿದೆ. ಯಾವ ಕಾಲದಲ್ಲೋ ಸ್ಟೀರಿಯೋ ಹಾಕಿದವರು ಬ್ಯಾಟರಿಯಿಂದ ವೈರ್ ಎಳೆಯಲು ತಗಡಿನ ರಂಧ್ರದ ರಬ್ಬರ್ ಬುಷ್ ಕಿತ್ತುಹಾಕಿದ್ದರು. ವೈರಿನ ಕಟ್ಟು ಬರೀ ತಗಡಿನ ಅಂಚಿಗೆ ಒರಗಿಕೊಂಡಿತ್ತು. ವರ್ಷಗಟ್ಟಲೆ ಅಲುಗಾಡಿ ಸೆಂಡರ್ ವೈರಿನ ಮೇಲಿನ ಪ್ಲಾಸ್ಟಿಕ್ ಅಕ್ಕಿಕಾಳಿನಷ್ಟು ಉದ್ದಕ್ಕೆ ಕತ್ತರಿಸಿತ್ತು. ಒಳಗಿನ ತಾಮ್ರದ ಎಳೆ ಹಸಿರು ಬಣ್ಣಕ್ಕೆ ತಿರುಗಿತ್ತು, ಎರಡು ಎಳೆ ತುಂಡಾಗಿ ಹೊರಗೆ ಚಾಚಿದ್ದವು. ತಗಡಿನ ಅಂಚಿನಲ್ಲಿ ಪೇಂಟ್ ಹೋಗಿ ಒಂದು ಬಿಂದು ಹೊಳೆಯುತ್ತಿತ್ತು. ಗುಂಡಿಗೆ ಇಳಿದಾಗೆಲ್ಲ ಎಳೆ ಆ ಬಿಂದುವಿಗೆ ತಾಗುತ್ತಿತ್ತು, ಮುಳ್ಳು ಎಚ್‌ಗೆ ಎಗರುತ್ತಿತ್ತು. ಅದೇ ಕಟ್ಟಿನಲ್ಲಿ ಫ್ಯೂಸ್ ಇಲ್ಲದ ಸ್ಟೀರಿಯೋ ವೈರ್ ಕೂಡ ಇತ್ತು. ಅದರ ಪ್ಲಾಸ್ಟಿಕ್ ಮೊದಲು ಕತ್ತರಿಸಿದ್ದರೆ ಗಾಡಿಗೆ ಬೆಂಕಿ ಹತ್ತಬಹುದಿತ್ತು. ಮುಳ್ಳಿನ ತೊಂದರೆ ಹುಡುಕಲು ಹೋಗಿ ಸಿಕ್ಕಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇದು.

ಮುಳ್ಳು ಯಾವಾಗಲೂ ಕಡಿಮೆ ತೋರಿಸುತ್ತಿದ್ದದ್ದು ಉಳಿಯಿತು. ಸೆಂಡರಿನ ಲೋಹದ ಮೈಗೆ ಮಲ್ಟಿಮೀಟರಿನ ಒಂದು ಕಡ್ಡಿ, ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದು. ಸೊನ್ನೆ ಹತ್ತಿರ ಇರಬೇಕಾದದ್ದು ಹತ್ತಾರು ಓಮ್ ತೋರಿಸಿತು, ಸೆಂಡರ್ ಮುಟ್ಟಿದಾಗೆಲ್ಲ ಅಂಕಿ ಓಡಾಡಿತು. ಎಂಜಿನ್ನಿನಿಂದ ಬ್ಯಾಟರಿಗೆ ನೋಡಿದರೆ ಸರಿ ಇದೆ. ಹಾಗಾದರೆ ಸೆಂಡರಿಗೂ ಎಂಜಿನ್ನಿಗೂ ನಡುವೆ ಏನೋ ಇದೆ. ಬಿಚ್ಚಿದರೆ ಥ್ರೆಡ್ ಪೂರ್ತಿ ಬಿಳಿ ಟೆಫ್ಲಾನ್ ಟೇಪ್, ನಲ್ಲಿಗೆ ಸುತ್ತುವ ಹಾಗೆ ದಪ್ಪಗೆ ಸುತ್ತಿದ್ದರು. ನೀರು ಸೋರಬಾರದು ಅಂತ ಸುತ್ತಿದ್ದು, ಕರೆಂಟೂ ಸರಿಯಾಗಿ ದಾಟಲಿಲ್ಲ. ಸೆಂಡರ್ ಮಾತ್ರ ಚೆನ್ನಾಗಿತ್ತು. ಅದನ್ನು ಮೇಷ್ಟ್ರ ಥರ್ಮಾಮೀಟರ್ ಜೊತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆವು. ತಣ್ಣನೆ ನೀರಿನಲ್ಲಿ ನೂರಾರು ಓಮ್ ಇದ್ದದ್ದು, ಕುದಿಯುವ ಹೊತ್ತಿಗೆ ಮೂವತ್ತರ ಆಸುಪಾಸಿಗೆ ಒಂದೇ ಸಮನೆ ಇಳಿಯಿತು. ಕುದಿಯುವ ಬಿಸಿಯಲ್ಲಿ ಮೂವತ್ತು ಓಮ್ ಇರಬೇಕಾದ ದಾರಿಗೆ ಟೇಪ್ ಹತ್ತಾರು ಓಮ್ ಸೇರಿಸಿದರೆ ಮುಳ್ಳಿಗೆ ಎಂಜಿನ್ ಎಷ್ಟೋ ತಣ್ಣಗೆ ಕಾಣುತ್ತದೆ.

ಇದರ ಜೊತೆ ನೀರು ಕಡಿಮೆಯಾದಾಗ ಇನ್ನೊಂದು ಮೋಸ ಸೇರುತ್ತದೆ. ಸೆಂಡರ್ ಸುತ್ತ ನೀರಿಲ್ಲದೆ ಗಾಳಿ, ಹಬೆ ನಿಂತರೆ ಅದಕ್ಕೆ ಬಿಸಿ ಸರಿಯಾಗಿ ತಲುಪುವುದಿಲ್ಲ, ಮುಳ್ಳು ಏರಬೇಕಾದ ಹೊತ್ತಿನಲ್ಲಿ ಇಳಿಯುತ್ತದೆ. ಬಿಸಿಯಾಗುತ್ತಿದ್ದ ಗಾಡಿಯ ಮುಳ್ಳು ಕಾರಣವೇ ಇಲ್ಲದೆ ಕೆಳಗೆ ಬಂದರೆ ಸಂತೋಷ ಪಡಬೇಡಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಸರಿಪಡಿಸಿದ್ದು, ಓಡಿಸಿ ನೋಡಿದ್ದು

ಕೆಲಸ ದೊಡ್ಡದೇನೂ ಅಲ್ಲ. ವೈರ್ ಕತ್ತರಿಸಿ ಬೆಸುಗೆ ಹಾಕಿ ಸ್ಲೀವ್ ಏರಿಸಿದೆವು, ತಗಡಿಗೆ ಹೊಸ ರಬ್ಬರ್ ಬುಷ್, ಸ್ಟೀರಿಯೋ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಸೆಂಡರ್ ಥ್ರೆಡ್ ತಿಕ್ಕಿ, ಸೀಲೆಂಟ್ ತೆಳ್ಳಗೆ ಸವರಿ ಹಾಕಿ, ಅರ್ತ್ ಮತ್ತೆ ಅಳೆದೆವು. ಫ್ಯಾನ್ ಸ್ವಿಚ್, ಕ್ಯಾಪ್, ಥರ್ಮೋಸ್ಟಾಟ್ ಹೊಸದು. ಥರ್ಮೋಸ್ಟಾಟ್ ಮೇಲೆ 82 ಅಂತ ಇತ್ತು. ಹಾಕುವ ಮುಂಚೆ ಅದನ್ನೂ ಪಾತ್ರೆಯಲ್ಲಿ ಕಾಯಿಸಿ, 82ರ ಹತ್ತಿರ ಬಾಯಿ ಬಿಡುವುದನ್ನು ಎಲ್ಲರೂ ನೋಡಿದೆವು. ರೇಡಿಯೇಟರನ್ನು ಕಂದು ನೀರು ನಿಲ್ಲುವ ತನಕ ಫ್ಲಷ್ ಮಾಡಿ, ಕೂಲೆಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿದೆವು. ನಮ್ಮ ಕಡೆ ನೀರು ಹೆಪ್ಪುಗಟ್ಟುವ ಚಳಿ ಇಲ್ಲ ಅಂತ ಕೂಲೆಂಟ್ ಬೇಡ ಅನ್ನುತ್ತಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಮೇಲಕ್ಕೆ ಒಯ್ಯುತ್ತದೆ. ನಮಗೆ ಬೇಕಾದದ್ದು ಈ ಎರಡು ಗುಣ. ಒಂದು ಎಚ್ಚರ: ಕೂಲೆಂಟ್ ಸಿಹಿಯಾಗಿರುತ್ತದೆ, ವಿಷ. ಹಳೆಯದನ್ನು ಚರಂಡಿಗೋ ಹಿತ್ತಲಿಗೋ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ. ಹಳ್ಳಿಯಲ್ಲಿ ಇದನ್ನು ಮರೆಯಲೇಬಾರದು.

ಆಮೇಲೆ ಮೇಷ್ಟ್ರನ್ನು ಕೂರಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟೆ. ಶ್ರೀರಂಗಪಟ್ಟಣ ದಾಟಿ ಮೈಸೂರಿನ ಪೇಟೆ ಟ್ರಾಫಿಕ್ಕಿನಲ್ಲಿ ಬೇಕಂತಲೇ ಸುತ್ತಿ, ಚಾಮುಂಡಿ ಬೆಟ್ಟ ಹತ್ತಿಸಿದೆ. ಕೂಲಿಂಗ್ ಪರೀಕ್ಷೆಗೆ ಮೈಸೂರಿನವರಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಡ. ಕಡಿಮೆ ಗೇರಿನಲ್ಲಿ ಎಂಜಿನ್ ದುಡಿಯುತ್ತದೆ, ವೇಗ ಇಲ್ಲದ್ದರಿಂದ ಗಾಳಿ ಕಡಿಮೆ, ಮೇಲೆ ಹೋದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಬೆಟ್ಟದ ಮೇಲೆ ಎಂಜಿನ್ ಆಫ್ ಮಾಡದೆ ನಿಲ್ಲಿಸಿ ಬಾನೆಟ್ ಎತ್ತಿದೆವು. ಹೋಸ್ ಮೇಲೆ 90 ದಾಟಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಬಂತು, ಬಿಸಿ ಇಳಿಸಿ ತಾನೇ ನಿಂತಿತು, ಮತ್ತೆ ಬಂತು. ಮುಳ್ಳು ಅರ್ಧದ ಹತ್ತಿರ ನಿಂತಿತ್ತು, ಗುಂಡಿ ಹಾರಿಸಿದರೂ ಕದಲಲಿಲ್ಲ. ಮಾರನೆಯ ಬೆಳಗ್ಗೆ ಹೋಸ್ ದುಂಡಗಿತ್ತು, ರೇಡಿಯೇಟರ್ ಬಾಯಿ ತನಕ ತುಂಬಿತ್ತು. ಅಷ್ಟಾದ ಮೇಲೆ ಒಂದು ಪೂರ್ತಿ ಬೇಸಿಗೆ ಕಳೆದಿದೆ, ಮೇಷ್ಟ್ರು ನೀರು ಸೇರಿಸಬೇಕಾಗಿ ಬಂದಿಲ್ಲ. ಪೆಟ್ರೋಲ್ ಖರ್ಚೂ ಕಮ್ಮಿ ಆಗಿದೆ ಅನ್ನುತ್ತಾರೆ, ಥರ್ಮೋಸ್ಟಾಟ್ ವಾಪಸ್ ಬಂದಿರುವಾಗ ಅದು ಆಗಲೇಬೇಕು.

ಮೇಷ್ಟ್ರು ಕೇಳಿದ್ದಕ್ಕೆ ಇನ್ನೊಂದು ಸಣ್ಣ ಕೆಲಸ ಮಾಡಿಕೊಟ್ಟೆ. ಫ್ಯಾನ್ ಮೋಟರಿನ ಎರಡು ತುದಿಗೆ, ನಡುವೆ ಪುಟ್ಟ ಫ್ಯೂಸ್ ಇಟ್ಟು, ಜೊತೆಗೇ ಒಂದು ಹಸಿರು ಲೈಟ್ ಎಳೆದು ಸ್ಟೀರಿಂಗ್ ಪಕ್ಕ ಕೂರಿಸಿದೆ. ಫ್ಯಾನಿಗೆ ಕರೆಂಟ್ ಹೋದಾಗ ಅದು ಹತ್ತುತ್ತದೆ. ಮೀಟರಿಗೂ ಇದಕ್ಕೂ ಸಂಬಂಧವೇ ಇಲ್ಲದ್ದರಿಂದ, ಒಂದು ತಪ್ಪಿದರೆ ಇನ್ನೊಂದು ಉಳಿಯುತ್ತದೆ. ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ನಿಂತರೂ ಲೈಟ್ ಹತ್ತದಿದ್ದರೆ ಸ್ವಿಚ್ ನೋಡಿಸಬೇಕು. ಲೈಟ್ ಹತ್ತಿದೆ, ಫ್ಯಾನಿನ ಸದ್ದು ಮಾತ್ರ ಇಲ್ಲ ಅಂದರೆ ಮೋಟರ್ ಸಿಕ್ಕಿಕೊಂಡಿದೆ ಅಂತ ತಿಳಿದು, ಎಂಜಿನ್ ಆಫ್ ಮಾಡಿ ಫೋನ್ ಮಾಡಿ ಅಂತ ಹೇಳಿದ್ದೇನೆ.